ಹಸಿ ದಿಮ್ಮಿ

ಹೆಗಲ ಮೇಲಿನ ದಿಮ್ಮಿಯನ್ನು ಅಣ್ಣನ ಲೇತಿನ ಪಕ್ಕ ಧೊಪ್ಪನೆ ಇಳಿಸಿ, ಕೈ ಕೊಡವಿದ ತಮ್ಮ. "ಇದರಲ್ಲಿ ಒಂದು ಬಟ್ಟಲು ಆಗುತ್ತಾ?"

ಅಣ್ಣ ಎನ್ನಲಿಲ್ಲ, ನೀನು ಎನ್ನಲಿಲ್ಲ. ಕೇಳಿದ್ದು ತನ್ನನ್ನೋ ದಿಮ್ಮಿಯನ್ನೋ ಎಂದು ಮರ ಕಡೆಯುವ ಕಸುಬಿನ ಅಣ್ಣನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಪಕ್ಕದ ಮನೆಯಿಂದ ಈ ಹೊಸ್ತಿಲಿಗೆ ಹದಿನಾರು ಹೆಜ್ಜೆ. ತಮ್ಮ ಅದನ್ನು ನಡೆಯದೆ ನಾಲ್ಕು ವರ್ಷವಾಗಿತ್ತು. ಜಗಳ ಇದೇ ಮರದ್ದು. ಎರಡೂ ಮನೆಯ ನಡುವೆ ಅಮ್ಮ ನೆಟ್ಟಿದ್ದ ಹಿಪ್ಪುನೇರಳೆ. ಹಣ್ಣು ಅಣ್ಣನ ಮಕ್ಕಳ ಬಾಯಿಗೆ, ಕಲೆ ತಮ್ಮನ ಒಗೆದ ಬಟ್ಟೆಗೆ. ಹದಿನೈದು ದಿನದ ಹಿಂದಿನ ಗಾಳಿಗೆ ಮರವೇ ಉರುಳಿತು. ಜಗಳವಾಡಲು ಕಾರಣ ಉಳಿಯಲಿಲ್ಲ, ಮಾತಾಡಲೂ ಉಳಿಯಲಿಲ್ಲ.

ಅಣ್ಣ ದಿಮ್ಮಿಯ ಕೊಯ್ದ ಮುಖದ ಮೇಲೆ ಅಂಗೈ ಇಟ್ಟ. ಕೈ ತಣ್ಣಗಾಯಿತು. "ಆಗುತ್ತೆ. ಆದ್ರೆ ಇನ್ನೂ ಹಸಿ. ಈಗಲೇ ತೆಳ್ಳಗೆ ಕಡೆದ್ರೆ ಒಣಗೋವಾಗ ಸೊಟ್ಟ ಆಗುತ್ತೆ."

"ಮೊದಲು ದಪ್ಪಗೆ ಕಡೆದು ಮೈಕ್ರೋವೇವ್‌ನಲ್ಲಿ ಸ್ವಲ್ಪ ಸ್ವಲ್ಪ ಬಿಸಿ ಮಾಡಿದ್ರೆ ಒಂದೇ ದಿನಕ್ಕೆ ಒಣಗುತ್ತಂತೆ. ಫೋನಲ್ಲಿ ನೋಡ್ದೆ."

ಒಂದೇ ದಿನ. ನಾಳೆ ಬಟ್ಟಲು ಹಿಡಿದು ಹೊರಟನೆಂದರೆ, ಇವನು ಮತ್ತೆ ಬರಲು ಆ ಜಾಗದಲ್ಲಿ ಇನ್ನೊಂದು ಮರ ಬೆಳೆದು ಬೀಳಬೇಕು.

"ಫೋನಿಗೇನು ಗೊತ್ತು, ಮಣ್ಣು! ಈ ಜಾತಿ ಮರ ಅದರೊಳಗೆ ಪಟ್ ಅಂತ ಸೀಳುತ್ತೆ" ಎಂದ ಅಣ್ಣ. "ದಪ್ಪಗೆ ಕಡೆದು, ಮರದ ಹೊಟ್ಟು ತುಂಬಿದ ಕಾಗದದ ಚೀಲದಲ್ಲಿ ಹೂತಿಡಬೇಕು. ವಾರ ವಾರ ತೂಕ ನೋಡ್ಬೇಕು. ತೂಕ ಇಳಿಯೋದು ನಿಂತ್ರೆ ಒಣಗಿತು ಅಂತ ಲೆಕ್ಕ. ಮೂರು ತಿಂಗಳು."

"ಮೂರು ತಿಂಗಳಾ?"

"ಮತ್ತೆ... ಮರ ತಂದವರೇ ಬಂದು ತೂಕ ಹಾಕ್ಬೇಕು. ಕಸುಬಿನ ನಿಯಮ."

ತಮ್ಮ ಅವನ ಮುಖ ನೋಡಿದ. ಅಣ್ಣ ಉಳಿಯ ಅಲಗನ್ನು ಜೀವಮಾನದಲ್ಲೇ ಮೊದಲ ಸಲ ಕಂಡವನಂತೆ ತಿರುಗಿಸಿ ತಿರುಗಿಸಿ ಪರೀಕ್ಷಿಸುತ್ತಿದ್ದ.

"ಸರಿ, ಭಾನುವಾರ ಬರ್ತೀನಿ" ಎಂದು ತಮ್ಮ ಹೊಸ್ತಿಲು ದಾಟಿದ. ದಾಟಿದ ಮೇಲೆ, ಹಿಂದಿರುಗಿ ನೋಡದೆಯೇ, ಮರೆತಿದ್ದನ್ನು ಸೇರಿಸುವವನಂತೆ ಅಂದ, "ಅಣ್ಣ."

ಒಳಬಾಗಿಲಲ್ಲಿ ನಿಂತಿದ್ದ ಅಣ್ಣನ ಹೆಂಡತಿ, ಮೈದುನ ಮರೆಯಾಗುವವರೆಗೂ ತಡೆದುಕೊಂಡಳು. "ಅಲ್ಲ ರೀ, ಹೋದ ವಾರ ಇದೇ ಮರದ ಕೊಂಬೇಲಿ ಎರಡು ಬಟ್ಟಲು ಮಾಡಿ ನನ್ನ ಮೈಕ್ರೋವೇವ್‌ನಲ್ಲೇ ಒಣಗಿಸಿದ್ರಿ. ಎಲ್ಲಿ ಸೀಳ್ತು? ಹಾಲು ಬಿಸಿ ಮಾಡಿದ್ರೆ ಇವತ್ತಿಗೂ ಮರದ ವಾಸನೆ. ಅದರ ಮೇಲೆ ನಿಯಮ ಬೇರೆ! ಎಂಥಾ ಹಸಿ ಸುಳ್ಳು ಹೇಳಿಬಿಟ್ರಿ!"

ಅಣ್ಣ ಪೆನ್ಸಿಲು ಹುಡುಕಿ ದಿಮ್ಮಿಯ ಮೇಲೆ ಅಂದಿನ ತಾರೀಕು ಬರೆದ.

"ಮೂರು ತಿಂಗಳಿದೆಯಲ್ಲೇ. ಅಷ್ಟರಲ್ಲಿ ಸುಳ್ಳೂ ಒಣಗುತ್ತೆ ಬಿಡು."