ಹದಿಮೂರನೆಯ ಕುಡುಗೋಲು

ಕಾರ್ತಿಕ ಮಾಸ. ಇಬ್ಬನಿ ಆರುವ ಮೊದಲೇ ಪುಟ್ಟಗಂಗಮ್ಮನ ಹೊಲದಲ್ಲಿ ರಾಗಿ ಕೊಯ್ಲು ಶುರುವಾಗಿತ್ತು...

ಪುಟ್ಟಗಂಗಮ್ಮನೂ ಸೇರಿ ಹನ್ನೆರಡು ಹೆಂಗಸರು, ಎಲ್ಲರೂ ಮುಯ್ಯಾಳುಗಳು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯ ಮಾತೇ ಇಲ್ಲ.

ಕೆಲಸ ಮಾತ್ರ ಜೋಡಿಯಲ್ಲಿ. ಒಬ್ಬಳು ಕೊಯ್ದರೆ ಇನ್ನೊಬ್ಬಳು ಕಂತೆ ಕಟ್ಟಬೇಕು. ಯಾರು ಹೆಚ್ಚು ಮಾಡಿದರು, ಯಾರು ಕಮ್ಮಿ ಮಾಡಿದರು ಎಂಬ ಜಗಳ ಬರಬಾರದಲ್ಲ...

ಆಗ ಕುಡುಗೋಲು ಹಿಡಿದು ಜಯಂತಿ ಬಂದಳು. ಗಂಡ ಬಿಟ್ಟ ಮೇಲೆ ಮಗಳನ್ನು ಕರೆದುಕೊಂಡು ತವರೂರಿಗೆ ಬಂದವಳು. ಅಪ್ಪನ ಅರ್ಧ ಎಕರೆಯಲ್ಲಿ ಒಬ್ಬಳೇ ರಾಗಿ ಬೆಳೆದಿದ್ದಳು.

"ದೊಡ್ಡವ್ವ, ನನ್ನೂ ಮುಯ್ಯಿಗೆ ಸೇರಿಸ್ಕಳಿ. ಎಲ್ರ ಹೊಲಕ್ಕೂ ಬತ್ತೀನಿ. ಮೋಡ ನೋಡಿ... ನೆನೆದ್ರೆ ತೆನೇಲೇ ಮೊಳಕೆ ಬತ್ತದೆ. ವರ್ಷಕ್ಕೆ ಅಷ್ಟೇ ನಮ್ಗೆ ಹಿಟ್ಟು."

ಪುಟ್ಟಗಂಗಮ್ಮ ಸೊಂಟ ನೆಟ್ಟಗೆ ಮಾಡಿಕೊಂಡಳು.

"ಬ್ಯಾಡ ಅಂತಲ್ಲ ಕಣವ್ವ. ಹನ್ನೆರಡು ಒಳ್ಳೆ ಲೆಕ್ಕ, ಎಂಗೆ ಪಾಲು ಮಾಡಿದ್ರೂ ಸರಿ ಹೋಯ್ತದೆ. ಹದಿಮೂರಾದ್ರೆ ಒಬ್ಳಿಗೆ ಜೊತೆ ಸಿಗಾಕಿಲ್ಲ."

"ನಿಂತು ನೋಡನ ತಡಿ ಗಂಗಕ್ಕ, ಮೂರ್ಮೂರು ಜನ ಆಗನ" ಎಂದಳು ಗುಂಪಿನಲ್ಲಿದ್ದ ಕೆಂಚಮ್ಮ.

ಮೂರು ಮೂರು ಜನ ನಿಂತರು. ಜಯಂತಿ ಉಳಿದಳು.

ನಾಲ್ಕು ನಾಲ್ಕು ಜನ ನಿಂತರು. ಮತ್ತೆ ಜಯಂತಿ ಉಳಿದಳು...

"ಐದೈದು?" ಇನ್ನೊಬ್ಬಳು ಕೇಳಿದಳು.

"ಐದೈದಾದ್ರೆ ಮೂವರು ಉಳೀತೀವಿ. ಕೂತ್ಕಂಡು ಎಲೆ ಅಡಿಕೆ ಹಾಕ್ಕಳಾಕೆ ಚೆಂದ" ಎಂದಳು ಕೆಂಚಮ್ಮ. ಎಲ್ಲರೂ ನಕ್ಕರು. ಜಯಂತಿಯೂ ನಕ್ಕಳು.

ಆರಾರು ಜನ ನಿಂತರು. ಆಗಲೂ ಒಬ್ಬಳು ಉಳಿದಳು... ಅವಳೇ.

ಈ ಸಲ ಯಾರೂ ನಗಲಿಲ್ಲ. ಪುಟ್ಟಗಂಗಮ್ಮನ ಕಣ್ಣಿಗೆ ಈಗ ಬಿತ್ತು. ಪ್ರತಿ ಸಲವೂ ಎಣಿಸುವ ಮೊದಲೇ ಜಯಂತಿ ತಾನಾಗಿ ಬದುವಿನ ಮೇಲೆ ಹೋಗಿ ನಿಲ್ಲುತ್ತಿದ್ದಳು.

"ಯಾಕವ್ವ ಅಲ್ಲೋಗಿ ನಿಂತೆ? ಹೋಗು ಅಂದೋರು ಯಾರು?"

"ಯಾರೂ ಅನ್ನಲಿಲ್ಲ ದೊಡ್ಡವ್ವ... ಅಭ್ಯಾಸ ಆಗೋಗದೆ."

ಪುಟ್ಟಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರಿನ್ನೂ ಬಂದಿರಲಿಲ್ಲ...

"ಜೋಡಿ ಗೀಡಿ ಬ್ಯಾಡ ಕಣ್ರೇ. ಎಲ್ರೂ ಒಂದೇ ಸಾಲಾಗಿ ನಿಂತ್ಕಳಿ. ಮಧ್ಯಾಹ್ನದ ಗಂಟ ಎಲ್ರೂ ಕುಯ್ಯನ, ಆಮೇಲೆ ಎಲ್ರೂ ಕಟ್ಟನ."

"ಯಾರೆಷ್ಟು ಕುಯ್ದ್ರು ಅಂತ ಎಂಗೆ ಗೊತ್ತಾಯ್ತದೆ?" ಕೆಂಚಮ್ಮ ಕೇಳಿದಳು.

"ಗೊತ್ತಾಗದೇ ಬ್ಯಾಡ ಬಿಡು."

ಶಾಲೆಯಲ್ಲಿ ಹದಿಮೂರನ್ನು ಅವಿಭಾಜ್ಯ ಸಂಖ್ಯೆ ಎನ್ನುತ್ತಾರೆ. ಒಂದಕ್ಕೂ ಹದಿಮೂರಕ್ಕೂ ನಡುವಿನ ಯಾವ ಸಂಖ್ಯೆಯಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. ಒಂದರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ...

ಆ ಹೊಲದಲ್ಲಿ ಅವತ್ತು ಹದಿಮೂರು ಕುಡುಗೋಲು, ಒಂದೇ ಸಾಲು. ಜಯಂತಿ ನಡುವೆ.

ಮರುದಿನದ ಸರದಿ ಕೆಂಚಮ್ಮನದು. ಮೋಡ ಕಪ್ಪಾಗಿದ್ದು ನೋಡಿ ಅವಳೇ ಬಿಟ್ಟುಕೊಟ್ಟಳು.

"ನಮ್ಮನೇಲಿ ಹೋದ ವರ್ಷದ ರಾಗಿ ಅದೆ. ಮೊದ್ಲು ಈ ಹುಡ್ಗೀದು ಮುಗ್ಸನ ನಡೀರಿ."

ಅರ್ಧ ಎಕರೆ ಮಧ್ಯಾಹ್ನದೊಳಗೆ ಮುಗಿಯಿತು. ತೆನೆ ಒಳಗೆ ಮಾಡಿ ಮೆದೆ ಒಟ್ಟಿ ಟಾರ್ಪಾಲು ಹೊದಿಸುವಾಗ ಮೊದಲ ಹನಿ ಬಿತ್ತು...

ಜಯಂತಿ ಟಾರ್ಪಾಲಿನ ಅಂಚು ಹಿಡಿದುಕೊಂಡೇ ಅಳುತ್ತಿದ್ದಳು.

"ದೊಡ್ಡವ್ವ, ನಿಮ್ಮ ಮುಯ್ಯಿ ನಿನ್ನೆ ತೀರ್ತು. ಇನ್ನು ಹನ್ನೊಂದು ಜನದ್ದು... ಎಲ್ಲಾನೂ ತೀರಿಸ್ತೀನಿ."

"ನಂದೆಲ್ಲಿ ತೀರ್ತು? ನಿನ್ನೆ ಬೆಳಿಗ್ಗೆ ಅಷ್ಟೊತ್ತು ಸುಮ್ನೆ ನಿಂತಿದ್ಯಲ್ಲ, ಅದು ಬಾಕಿ" ಎಂದು ಪುಟ್ಟಗಂಗಮ್ಮ ಅವಳ ತಲೆಯ ಮೇಲಿದ್ದ ಹೊಟ್ಟು ಕೊಡವಿದಳು. "ಅದನ್ನ ಮಾತ್ರ ತೀರಿಸಬ್ಯಾಡ ಕಣವ್ವ. ಬಾಕಿ ಇದ್ರೆ ವರ್ಷಾ ವರ್ಷಾ ಬತ್ತೀಯ."

ಆ ಬಾಕಿ ಇವತ್ತಿಗೂ ತೀರಿಲ್ಲ...

ಗುಂಪು ಗುಂಪಾಗಿ ಒಡೆದಾಗಲೇ ಒಬ್ಬರು ಉಳಿದುಬಿಡುವುದು. ಒಂದೇ ಸಾಲಿನಲ್ಲಿ ನಿಂತರೆ ಯಾರೂ ಶೇಷವಲ್ಲ.

ಯಾರೂ ಹೋಗು ಎನ್ನದಿದ್ದರೂ ತಾವಾಗಿಯೇ ದೂರ ಸರಿದು ನಿಂತವರು... ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಯಾರಿದ್ದಾರೆ?