ಅಡಿವೆಪ್ಪನ ಕೆಲಸ

“ಏನಪಾ, ಹೆಸರೇನು ನಿಂದು?” ಅಂಗಡಿಯ ಗಾದಿಯ ಮೇಲೆ ಕೂತಿದ್ದ ಶೇಖಪ್ಪ ಸಾವುಕಾರರು ತಲೆ ಎತ್ತದೆಯೇ ಕೇಳಿದರು.

ಎದುರಿಗೆ ನಿಂತಿದ್ದ ಹುಡುಗ ಹಣೆ ಒರೆಸಿಕೊಂಡ. “ಅಡಿವೆಪ್ಪರಿ.”

ಅವನ ನಿಜವಾದ ಹೆಸರು ಅಡಿವೆಯ್ಯ. ಭಕ್ತರ ಮನೆಬಾಗಿಲಲ್ಲಿ ಜೋಳಿಗೆ ಹಿಡಿದು ನಿಲ್ಲುವ ಜಂಗಮರ ಮನೆತನ. ಬೆಳಿಗ್ಗೆ ಹಳಿಯಾಳದಲ್ಲಿ ಪಿ.ಯು.ಸಿ. ಕ್ಲಾಸು. ಮಧ್ಯಾಹ್ನದ ಮೇಲೆ ಎಲ್ಲಾದರೂ ಕೆಲಸ ಸಿಕ್ಕರೆ ಓದು ಉಳಿಯುತ್ತದೆ. ಇಲ್ಲದಿದ್ದರೆ ಮುಂಡಗೋಡ ಕಡೆಯ ತನ್ನ ಹಳ್ಳಿಗೆ ಹಿಂದಿರುಗಿ, ತೀರಿಹೋದ ಅಪ್ಪನ ಜೋಳಿಗೆಯನ್ನು ಹೆಗಲಿಗೆ ಹಾಕಿಕೊಳ್ಳಬೇಕು. ಭಕ್ತರು ಕಾಯುತ್ತಿದ್ದಾರೆ ಎಂದು ಅವ್ವ ಮತ್ತೆ ಮತ್ತೆ ಹೇಳಿ ಕಳಿಸುತ್ತಿದ್ದಳು.

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಅರ್ಧ ಪಾಳಿಯ ಕೆಲಸ ಕೇಳಿದಾಗ ನಕ್ಕು ಕಳಿಸಿದ್ದರು. ಹಳಿಯಾಳದ ಪೇಟೆಯಲ್ಲಿ ಯಾರೂ ನಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಹೆಸರು ಕೇಳಿದ ಕೂಡಲೇ ಅಂಗಡಿಕಾರರು ಎದ್ದು ನಿಲ್ಲುತ್ತಿದ್ದರು. “ಅಯ್ಯಾರ, ನಿಮ್ಮ ಕೈಯಾಗ ಕಸಬರಗಿ ಕೊಟ್ಟು ನಾವು ಎಲ್ಲಿ ಹೋಗೂಣ್ರಿ?” ಎನ್ನುತ್ತಿದ್ದರು. ಕೂರಿಸಿ, ಸಕ್ಕರೆ ಹಾಕಿದ ಹಾಲು ಕುಡಿಸಿ, ಬಾಗಿಲವರೆಗೆ ಬಂದು ಕೈಮುಗಿಯುತ್ತಿದ್ದರು. ಅಲೆದಲೆದು ದಣಿದವನು ಇವತ್ತು ಹಣೆಯ ವಿಭೂತಿ ಒರೆಸಿಕೊಂಡು, ಹೆಸರಿನ ‘ಅಯ್ಯ’ ಎಂಬ ಬಾಲವನ್ನು ದಾರಿಯಲ್ಲೇ ಬಿಟ್ಟು ಬಂದಿದ್ದ.

“ಕಾಲೇಜ ಹುಡುಗ ಅಂತಿ. ನಾಳೆ ಸೊಂಟಾ ಹಿಡೀತು ಅಂತ ಅಳಬ್ಯಾಡ ಮತ್ತ. ಯಾರ ಪೈಕಿ ನೀ?”

“ಹೊಲಾ ಮಾಡೋ ಮಂದಿರಿ.” ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

“ಬಸ್ತ್ಯಾಂವ, ಇವನ್ನ ಒಳಗ ಕರಕೊಂಡ ಹೋಗು.”

ಹಮಾಲ ಬಸ್ತ್ಯಾಂವ ಹಿಂದಿನ ಪಡಸಾಲೆಯಲ್ಲಿ ಆಳೆತ್ತರದ ಗೋಣಿಚೀಲದ ಬಾಯಿ ಅಗಲಿಸಿ ಹಿಡಿದುಕೊಂಡ. ಒಣಮೆಣಸಿನಕಾಯಿಯನ್ನು ಚೀಲಕ್ಕೆ ಸುರಿದಂತೆಲ್ಲ ಒಬ್ಬ ಒಳಗಿಳಿದು ತುಳಿದು ತುಳಿದು ಅದನ್ನು ಅಡಕಬೇಕು.

“ಮೊದಲ ಕಾಲಿಗೆ ಎಣ್ಣಿ ಹಚ್ಚಿಕೋ ತಮ್ಮಾ,” ಎಂದ ಬಸ್ತ್ಯಾಂವ. “ಇಲ್ಲಾಂದ್ರ ಮನೀಗೆ ಹೋದ ಮ್ಯಾಲೂ ಕುಣಕೋಂತನ ಇರ್ತಿ.”

ಎಣ್ಣೆ ಹಚ್ಚಿದರೂ ಮೊಣಕಾಲವರೆಗೆ ಉರಿ ಹತ್ತಿತು. ಸೀನು ಬಂತು, ಕೆಮ್ಮು ಬಂತು. ಸುಧಾರಿಸಿಕೊಳ್ಳಲೆಂದು ತುಸು ನಿಂತನೋ ಇಲ್ಲವೋ, ಹೊರಗಿನಿಂದ ಕೂಗು ಕೇಳಿಸಿತು.

“ಲೇ ಅಡಿವೆಪ್ಪಾ! ನಿದ್ದಿ ಹತ್ತೇತೇನಲೇ ಒಳಗ?”

ಅವನು ಮತ್ತೆ ತುಳಿಯತೊಡಗಿದ. ಬುದ್ಧಿ ಬಂದಾಗಿನಿಂದ ನರೆಗೂದಲಿನ ಮುದುಕರೂ ಅವನ ಕಾಲು ಮುಟ್ಟಿದ್ದರೇ ಹೊರತು ಯಾರೂ ಅವನನ್ನು ‘ಲೇ’ ಎಂದಿರಲಿಲ್ಲ. ಆ ಒಂದಕ್ಷರವನ್ನು ಅವನು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಸಿಕೊಂಡ. ತುಂಬಿದ ಚೀಲವನ್ನು ಬಸ್ತ್ಯಾಂವನ ಜೊತೆ ಅಂಗಡಿಯ ಮುಂಭಾಗಕ್ಕೆ ಎಳೆದು ತಂದಾಗ ಬೆನ್ನು ನೋಯುತ್ತಿತ್ತು. ಆದರೂ ನಾಳೆ ಇದೇ ಹೊತ್ತಿಗೆ ಇಲ್ಲಿರುತ್ತೇನೆ ಎಂಬುದು ಆ ನೋವಿಗಿಂತ ದೊಡ್ಡದಾಗಿತ್ತು.

ಬೆಲ್ಲ ತೂಗಿಸಿಕೊಳ್ಳುತ್ತಿದ್ದ ಮುದುಕಿಯೊಬ್ಬಳು ಅವನತ್ತ ತಿರುಗಿದಳು. ಅವನ ಊರಿನ ತಾಯವ್ವ. ಹತ್ತಿರದ ಸಾಂಬ್ರಾಣಿ ಊರಿಗೆ ಕೊಟ್ಟ ಮಗಳ ಬಾಣಂತನಕ್ಕೆ ಬಂದವಳು.

“ಅಯ್ಯ ಶಿವನ! ನಮ್ಮ ಅಯ್ಯಾರು! ಇದೇನ್ರೀ ಈ ವೇಷಾ?” ಎಂದವಳೇ, ಅವನು ಹಿಂದೆ ಸರಿಯುವಷ್ಟರಲ್ಲಿ ನೆಲಕ್ಕೆ ಹಣೆ ಹಚ್ಚಿದಳು.

ತಕ್ಕಡಿ ಹಿಡಿದಿದ್ದ ಸಾವುಕಾರರ ಕೈ ಅಲ್ಲೇ ನಿಂತಿತು. ಅವರು ಮುದುಕಿಯನ್ನು ನೋಡಿದರು, ಹುಡುಗನನ್ನು ನೋಡಿದರು. ಗಾದಿಯಿಂದ ಇಳಿದು ಬಂದಾಗ ಅವರ ಮುಖ ಬೆಳ್ಳಗಾಗಿತ್ತು.

“ಎಂಥಾ ಕೆಲಸಾ ಮಾಡಿದ್ರಿ ಅಯ್ಯಾರ. ನನ್ನ ಬಾಯಿಲೆ ಏನೇನೋ ಅನಿಸಿಬಿಟ್ರಲ್ಲರೀ.”

“ನೀವೇನೂ ತಪ್ಪ ಅಂದಿಲ್ರಿ ಸಾವುಕಾರ್ರ. ನಾಳೆನೂ ಬರ್ತೇನ್ರಿ. ಹಿಂದ ನಿಂತು ತುಳೀತೇನಿ, ಯಾರಿಗೂ ಕಾಣೂದಿಲ್ಲ.”

“ಶಿವಗ ಕಾಣ್ತೈತಲ್ರಿ.”

“ನನಗ ಕೆಲಸಾ ಬೇಕ್ರಿ.”

“ಅದೊಂದ ಬಿಟ್ಟು ಏನ ಬೇಕಾದ್ರೂ ಕೇಳ್ರಿ,” ಎಂದರು ಸಾವುಕಾರರು. “ಈಗಿಂದೀಗ ಕೊಡತೇನಿ.”

ಅವರು ಒಳಗಿನಿಂದ ಹಿತ್ತಾಳೆಯ ಅಗಲವಾದ ಪರಾತ, ತಂಬಿಗೆಯಲ್ಲಿ ನೀರು ತರಿಸಿದರು. ಅವನನ್ನು ತಮ್ಮ ಗಾದಿಯ ಮೇಲೆ ಕೂರಿಸಿ, ಎರಡೂ ಪಾದಗಳನ್ನು ಪರಾತದಲ್ಲಿಟ್ಟು, ಬೆರಳ ಸಂದು ಬಿಡದೆ ತೊಳೆದರು. ಬಸ್ತ್ಯಾಂವ ಇನ್ನೊಂದು ಖಾಲಿ ಚೀಲದ ಬಾಯಿಯನ್ನು ಒಬ್ಬನೇ ಹಿಡಿದುಕೊಂಡು ನೋಡುತ್ತ ನಿಂತಿದ್ದ. ನೀರು ಕೆಂಪಗಾಯಿತು. ಸಾವುಕಾರರು ಅದರಲ್ಲಿ ಬೆರಳದ್ದಿ ಭಕ್ತಿಯಿಂದ ಕಣ್ಣಿಗೆ ಒತ್ತಿಕೊಂಡು ಕೈಮುಗಿದರು. ಮರುಕ್ಷಣವೇ ಅವರ ರೆಪ್ಪೆಗಳು ಬಿಗಿದುಕೊಂಡು, ಕೆನ್ನೆಯ ಮೇಲೆ ದಳದಳ ನೀರಿಳಿಯಿತು. ಆದರೂ ಅವರು ಮುಗಿದ ಕೈ ಬಿಡಲಿಲ್ಲ.

ತಾಯವ್ವನೂ ಪರಾತಕ್ಕೆ ಕೈ ಚಾಚಿದಳು. ಅಡಿವೆಯ್ಯ ಗಾಬರಿಯಿಂದ ಕಾಲು ಎಳೆದುಕೊಂಡ.

“ಬ್ಯಾಡಬೇ ತಾಯವ್ವಾ, ಖಾರ ಐತಿ. ಕಣ್ಣ ಉರೀತಾವು.”

ಅಷ್ಟರಲ್ಲಿ ಅವಳು ಒತ್ತಿಕೊಂಡಾಗಿತ್ತು. ಮುಚ್ಚಿದ ಕಣ್ಣಿನಿಂದ ನೀರು ಸುಕ್ಕುಸುಕ್ಕಿನಲ್ಲಿ ಹರಿದು ಗದ್ದಕ್ಕೆ ಬಂತು. ಅವಳು ನಕ್ಕಳು.

“ಉರೀಲೇಳ್ರಿ ಅಯ್ಯಾರ. ಅಷ್ಟಾದ್ರೂ ಪಾಪ ಹೋಗ್ತೈತಿ.”