ಐದು ಕಾಲಿನ ಆನೆ

ಸುಕನ್ಯಾ ಬಾಡಿಗೆ ಮನೆ ಖಾಲಿ ಮಾಡುವ ದಿನ ಮಾಲೀಕ ವಿರೂಪಾಕ್ಷಯ್ಯನವರು ಬಂದು, ಬೀದಿಬದಿಯ ಗೋಡೆಯನ್ನು ಗೇಟಿನಿಂದಲೇ ನೋಡಿ ಮುಖ ಸಿಂಡರಿಸಿದರು.

“ಏನಮ್ಮಾ ಇದು, ಸುಣ್ಣ ಎದ್ದು ಹೋಗಿದೆ, ಮಗು ಬೇರೆ ಗೀಚಿದೆ. ಬಣ್ಣ ಹೊಡೆಸೋದಕ್ಕೆ ಅಡ್ವಾನ್ಸಲ್ಲಿ ಇಪ್ಪತ್ತೈದು ಸಾವಿರ ಮುರ್ಕೋತೀನಿ.”

“ಸುಣ್ಣ ನಾವು ಬರೋಕೆ ಮುಂಚೆನೇ ಉದುರ್ತಿತ್ತು ಸಾರ್. ಆನೆ ಮಾತ್ರ ನಮ್ಮದು.”

ಇದ್ದಿಲಿನಲ್ಲಿ ಬರೆದ ಆ ಆನೆಗೆ ಐದು ಕಾಲು. ನಡೆದು ನಡೆದು ಒಂದು ಕಾಲಿಗೆ ನೋವು ಬಂದರೆ ಇರಲಿ ಅಂತ ಮಗಳು ಒಂದನ್ನು ಹೆಚ್ಚಿಗೆ ಬರೆದಿದ್ದಳು. ವಿರೂಪಾಕ್ಷಯ್ಯನವರಿಗೆ ಅದನ್ನೆಲ್ಲ ನೋಡುವ ಪುರುಸೊತ್ತಿರಲಿಲ್ಲ. ಮರುದಿನವೇ ಗೋಡೆ ಬೆಳ್ಳಗಾಯಿತು.

ಹೊಸ ಮನೆಯವರು ಅಡ್ವಾನ್ಸಿಗಾಗಿ ಕುತ್ತಿಗೆ ಮೇಲೆ ಕೂತಿದ್ದರು. ಮುರಿದುಕೊಂಡದ್ದರಲ್ಲಿ ಅರ್ಧವನ್ನಾದರೂ ಬಿಡಿಸಿಕೊಳ್ಳೋಣವೆಂದು ಸುಕನ್ಯಾ ಒಂದು ಭಾನುವಾರ ವಿರೂಪಾಕ್ಷಯ್ಯನವರ ಮನೆಗೇ ಹೋದಳು. ಹಾಲ್‌ನಲ್ಲಿ ಮಂಚದಷ್ಟು ದೊಡ್ಡ ಫೋಟೋವೊಂದನ್ನು ಆಗಷ್ಟೇ ತೂಗುಹಾಕಿದ್ದರು.

“ದುಡ್ಡಿನ ಮಾತು ಆಮೇಲೆ. ಮೊದಲು ಇದನ್ನ ನೋಡಮ್ಮ. ನಾಲ್ಕು ಲಕ್ಷ.”

“ಫೋಟೋಗಾ ಸಾರ್?”

“ಬರೀ ಫೋಟೋ ಅಲ್ಲ ಕಣಮ್ಮ, ಕಲೆ. ಆ ಉದುರಿದ ಸುಣ್ಣ ನೋಡು, ಎಂಥ ಜೀವ ಇದೆ. ಇರೋದೇ ಒಂದು ಪ್ರತಿ. ತೆಗೆದವನು ಮೊದಲು ಒಂದು ಲಕ್ಷ ಹೇಳ್ತಿದ್ದನಂತೆ. ಯಾವನೋ ತಲೆಕೆಟ್ಟವನು ಆ ಗೋಡೆಗೆ ಬಣ್ಣ ಬಳಿಸಿಬಿಟ್ಟನಂತೆ. ಇನ್ನು ಅಂಥ ಗೋಡೆ ಸಿಗಲ್ಲ ಅಂತಲೇ ಬೆಲೆ ಏರಿದ್ದು.”

ಸುಕನ್ಯಾ ಹತ್ತಿರ ಹೋಗಿ ನೋಡಿದಳು. ಕೆಳಮೂಲೆಯಲ್ಲಿ ಆನೆ ತನ್ನ ಐದೂ ಕಾಲೂರಿ ನಿಂತಿತ್ತು.